‘ಏ’ ಎಂದಾಗಲೆಲ್ಲ ‘ಓನ್ಲಿ’ ಅಲ್ಲ: ಇಂಗ್ಲಿಷಿನ ಒಂದು ಪುಟ್ಟ ಪದವನ್ನು ಸರಿಯಾಗಿ ಬಳಸುವ ಬಗೆ

ವರದಿ ಇನ್ನೂ ಬಂದಿಲ್ಲವಲ್ಲ ಎಂದು ಮೇಲಧಿಕಾರಿ ಕೇಳುತ್ತಾರೆ. ನಾವು ಉತ್ತರ ಬರೆಯುತ್ತೇವೆ: ‘ಐ ಸೆಂಟ್ ಇಟ್ ಯೆಸ್ಟರ್‌ಡೇ ಓನ್ಲಿ.’ ನಮ್ಮ ಮನಸ್ಸಿನಲ್ಲಿರುವುದು ‘ನಿನ್ನೆಯೇ ಕಳಿಸಿದ್ದೇನಲ್ಲ’ ಎಂಬ ಮಾತು. ತಡಮಾಡಿಲ್ಲ, ಆಗಲೇ ಮುಗಿಸಿದ್ದೇನೆ ಎಂಬ ಭರವಸೆ ಅದರಲ್ಲಿದೆ. ಓದುವವರು ಬೆಂಗಳೂರಿನವರೋ ಚೆನ್ನೈನವರೋ ಆಗಿದ್ದರೆ ತೊಂದರೆಯಿಲ್ಲ, ಅರ್ಥ ನೇರವಾಗಿ ತಲುಪುತ್ತದೆ. ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಹುಟ್ಟಿ ಬೆಳೆದವರಾದರೆ ಅದನ್ನು ‘ನಿನ್ನೆಯಷ್ಟೇ ಕಳಿಸಿದೆ’ ಎಂದು ಓದಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಅಂದರೆ ನಿನ್ನೆಯವರೆಗೂ ಕಳಿಸಿರಲಿಲ್ಲ ಎಂದು! ನಾವು ಹೇಳಲು ಹೊರಟಿದ್ದಕ್ಕೆ ನೇರ ವಿರುದ್ಧವಾದ ಮಾತು ಅವರ ಕೈ ಸೇರುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ನಾವೇ ಮಾತಾಡಿಕೊಳ್ಳುವಾಗ ‘ಐ ಆಮ್ ಹಿಯರ್ ಓನ್ಲಿ’ ಎನ್ನುವುದನ್ನು ತಪ್ಪು ಎಂದು ನಾನು ಕರೆಯುವುದಿಲ್ಲ. ಕನ್ನಡದ ‘ಏ’, ತಮಿಳಿನ ‘ತಾನ್’, ಹಿಂದಿಯ ‘ಹೀ’ ಇವೆಲ್ಲ ಒಟ್ಟು ಸೇರಿ ಭಾರತೀಯ ಇಂಗ್ಲಿಷಿಗೆ ಈ ಬಳಕೆಯನ್ನು ಕೊಟ್ಟಿವೆ, ಭಾಷಾಶಾಸ್ತ್ರಜ್ಞರೂ ಅದನ್ನು ಇಲ್ಲಿನ ಇಂಗ್ಲಿಷಿನ ಒಂದು ಲಕ್ಷಣವೆಂದೇ ಗುರುತಿಸಿದ್ದಾರೆ. ಆದರೆ ಹೊರದೇಶದವರಿಗೆ ಪತ್ರ ಬರೆಯುವಾಗ, ಸಂದರ್ಶನದಲ್ಲಿ, ಪರೀಕ್ಷೆಯಲ್ಲಿ, ಒಪ್ಪಂದದ ಕಾಗದದಲ್ಲಿ ಇದು ಕೆಲಸ ಕೆಡಿಸುತ್ತದೆ. ಅಂಥ ಕಡೆಗಳಿಗಾಗಿ ಈ ಲೇಖನ.

ಪದದ ಒಳಗೇ ಇರುವ ‘ಒಂದು’

‘ಓನ್ಲಿ’ ಎಂಬ ಪದದ ಹೊಟ್ಟೆಯಲ್ಲಿ ‘ಒಂದು’ ಎಂಬ ಅರ್ಥ ಕೂತಿದೆ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬುದಕ್ಕಿದ್ದ ಪದಕ್ಕೆ ‘ಲಿ’ ಸೇರಿ ಇದು ಹುಟ್ಟಿತು. ಒಂದರ ಉಚ್ಚಾರ ಕಾಲಾಂತರದಲ್ಲಿ ‘ವನ್’ ಆಯಿತು, ‘ಓನ್ಲಿ’, ‘ಅಲೋನ್’ ಮುಂತಾದ ಪದಗಳಲ್ಲಿ ಹಳೆಯ ‘ಓನ್’ ಉಳಿದುಕೊಂಡಿತು. ಹಾಗಾಗಿ ‘ವೋನ್ಲಿ’ ಎಂದು ‘ವ’ ಸೇರಿಸದೆ, ದೀರ್ಘ ‘ಓ’ದಿಂದಲೇ ಶುರುಮಾಡಿ.

ಈ ಹುಟ್ಟನ್ನು ನೆನಪಿಟ್ಟರೆ ಪದದ ಗುಣವೂ ನೆನಪಿರುತ್ತದೆ. ಓನ್ಲಿ ಒಂದನ್ನು ಒಳಗಿಟ್ಟುಕೊಂಡು ಮಿಕ್ಕದ್ದನ್ನೆಲ್ಲ ಹೊರಗೆ ಹಾಕುತ್ತದೆ. ಕನ್ನಡದ ‘ಏ’ ಹಾಗಲ್ಲ. ಶಾಲೆಯ ವ್ಯಾಕರಣದಲ್ಲಿ ಅದನ್ನು ಅವಧಾರಣಾರ್ಥಕ ಅವ್ಯಯ ಎಂದು ಓದಿದ್ದೇವೆ. ಅವಧಾರಣೆ ಎಂದರೆ ಒತ್ತಿ ಹೇಳುವುದು, ಖಚಿತಪಡಿಸುವುದು. ಕೆಲವು ಸಲ ಅದೂ ಮಿಕ್ಕದ್ದನ್ನು ಹೊರಗಿಡುತ್ತದೆ, ಬಹಳಷ್ಟು ಸಲ ಬೆರಳಿಟ್ಟು ತೋರಿಸುತ್ತದೆ ಅಷ್ಟೆ. ನಮ್ಮ ತೊಡಕೆಲ್ಲ ಹುಟ್ಟುವುದು ಇಲ್ಲೇ.

ಮೊದಲ ಹೆಜ್ಜೆ: ‘ಬೇರೆ ಇಲ್ಲ’ ಎಂದು ಸೇರಿಸಿ ನೋಡಿ

ಓನ್ಲಿ ಬಳಸುವ ಮುಂಚೆ ನಿಮ್ಮ ಕನ್ನಡ ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಹೇಳಿಕೊಳ್ಳಿ. ಅದರ ಕೊನೆಗೆ ‘ಬೇರೆ ಯಾರೂ ಅಲ್ಲ’, ‘ಬೇರೆ ಎಲ್ಲೂ ಇಲ್ಲ’, ‘ಅದಕ್ಕಿಂತ ಹೆಚ್ಚಿಲ್ಲ’, ‘ಅದಕ್ಕೂ ಮುಂಚೆ ಅಲ್ಲ’ ಎಂಬ ಮಾತುಗಳಲ್ಲಿ ಹೊಂದುವ ಒಂದನ್ನು ಸೇರಿಸಿ. ವಾಕ್ಯ ನಿಮ್ಮ ಮನಸ್ಸಿನ ಮಾತಾಗಿಯೇ ಉಳಿದರೆ ಓನ್ಲಿ ಸರಿ. ಅಯ್ಯೋ, ನಾನು ಹೇಳಿದ್ದು ಅದಲ್ಲ ಎನಿಸಿದರೆ ಅದನ್ನು ಬಿಟ್ಟುಬಿಡಿ.

‘ಸಭೆಗೆ ರಮೇಶನೊಬ್ಬನೇ ಬಂದ.’ ಬೇರೆ ಯಾರೂ ಬರಲಿಲ್ಲ. ಸರಿಹೋಯಿತು. ‘ಓನ್ಲಿ ರಮೇಶ್ ಕೇಮ್ ಟು ದ ಮೀಟಿಂಗ್.’

‘ಜೇಬಿನಲ್ಲಿ ಹತ್ತೇ ರೂಪಾಯಿ ಇತ್ತು.’ ಅದಕ್ಕಿಂತ ಹೆಚ್ಚಿರಲಿಲ್ಲ. ಇದೂ ಸರಿ. ‘ಐ ಹ್ಯಾಡ್ ಓನ್ಲಿ ಟೆನ್ ರುಪೀಸ್.’ ಸಂಖ್ಯೆಯ ಜೊತೆ ಬರುವ ‘ಏ’ ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

‘ನಮ್ಮ ಆಫೀಸು ವೈಟ್‌ಫೀಲ್ಡಿನಲ್ಲೇ ಇದೆ.’ ಬೇರೆ ಎಲ್ಲೂ ಇಲ್ಲ ಎಂದು ಹೇಳುತ್ತಿದ್ದೀರಾ? ಹುಬ್ಬಳ್ಳಿಯಲ್ಲೂ ಒಂದು ಶಾಖೆ ಇದ್ದರೆ? ನೀವು ಹೇಳಹೊರಟಿದ್ದು, ‘ಹೌದು, ನೀವು ಕೇಳಿದ ಜಾಗದಲ್ಲೇ ಇದೆ’ ಎಂದು. ‘ಅವರ್ ಆಫೀಸ್ ಈಸ್ ಇನ್ ವೈಟ್‌ಫೀಲ್ಡ್ ಓನ್ಲಿ’ ಎಂದರೆ ಹೊರಗಿನವರಿಗೆ ಹುಬ್ಬಳ್ಳಿಯ ಶಾಖೆ ಇಲ್ಲವಾಗುತ್ತದೆ. ‘ಯೆಸ್, ವಿ ಆರ್ ಇನ್ ವೈಟ್‌ಫೀಲ್ಡ್’ ಎಂದರೆ ಸಾಕು.

‘ಏ’ ಬದಲು ‘ಮಾತ್ರ’ ಹಾಕಿ ನೋಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಬಹುಮಟ್ಟಿಗೆ ಸಾಕು, ಆದರೆ ‘ಮಾತ್ರ’ವೂ ಕೆಲವು ಸಲ ದಾರಿ ತಪ್ಪಿಸುತ್ತದೆ. ‘ಎಲ್ಲರೂ ಮನೆ ಸೇರಿದರು, ಮಳೆ ಮಾತ್ರ ನಿಲ್ಲಲಿಲ್ಲ’ ಎನ್ನುವಾಗ ನಿಲ್ಲದೆ ಉಳಿದದ್ದು ಮಳೆಯೊಂದೇ ಎಂದು ನಾವು ಲೆಕ್ಕ ಹಾಕುತ್ತಿಲ್ಲ. ಅಲ್ಲಿ ‘ಮಾತ್ರ’ದ ಅರ್ಥ ‘ಆದರೆ’. ಇಂಗ್ಲಿಷಿನಲ್ಲಿ ‘ಬಟ್ ದ ರೇನ್ ಡಿಡ್ ನಾಟ್ ಸ್ಟಾಪ್’ ಎನ್ನಬೇಕು. ಅದಕ್ಕಾಗಿಯೇ ‘ಬೇರೆ ಇಲ್ಲ’ ಪರೀಕ್ಷೆಯನ್ನೇ ನಾನು ನೆಚ್ಚಿಕೊಳ್ಳುವುದು.

ಎರಡನೆಯ ಹೆಜ್ಜೆ: ಓನ್ಲಿ ಅಲ್ಲದಿದ್ದರೆ ಇನ್ನೇನು?

ಬೇಡ ಎಂದಷ್ಟೇ ಹೇಳಿ ಕೈಬಿಟ್ಟರೆ ಕಲಿಯುವವರಿಗೆ ಉಪಯೋಗವಿಲ್ಲ. ‘ಏ’ ಮಾಡುವ ಒಂದೊಂದು ಕೆಲಸಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿವೆ.

ಜಾಗ ತೋರಿಸುವಾಗ, ‘ಇಲ್ಲೇ ಇದೆ ನೋಡಿ’ ಎನ್ನುವುದಕ್ಕೆ ‘ಇಟ್ಸ್ ರೈಟ್ ಹಿಯರ್’. ‘ಈಗಲೇ ಬಾ’ ಎನ್ನುವುದಕ್ಕೆ ‘ಕಮ್ ರೈಟ್ ನೌ’. ಹೀಗೆ ಸ್ಥಳ ಮತ್ತು ಕ್ಷಣವನ್ನು ಒತ್ತಿ ಹೇಳಲು ‘ರೈಟ್’ ಒದಗಿಬರುತ್ತದೆ. ಇದೊಂದನ್ನು ರೂಢಿ ಮಾಡಿಕೊಂಡರೂ ಮಾತಿನಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ.

ವ್ಯಕ್ತಿಯನ್ನು ತೋರಿಸುವಾಗ, ‘ಅವನೇ ಹೇಳಿದ್ದು’ ಎನ್ನುವ ಮಾತಿಗೆ ಎರಡು ಅರ್ಥಗಳಿವೆ. ಹೇಳಿದವನು ಯಾರು ಎಂದು ಗುರುತಿಸುತ್ತಿದ್ದರೆ ‘ಹೀ ಈಸ್ ದ ಒನ್ ಹೂ ಟೋಲ್ಡ್ ಮಿ’. ಬೇರೆಯವರ ಬಾಯಿಂದ ಕೇಳಿದ್ದಲ್ಲ, ಸ್ವತಃ ಅವನೇ ಹೇಳಿದ ಎನ್ನುವುದಾದರೆ ‘ಹೀ ಟೋಲ್ಡ್ ಮಿ ಹಿಮ್‌ಸೆಲ್ಫ್’.

‘ಅದೇ ಅಂಗಡಿ’ ಎಂದರೆ ‘ದ ಸೇಮ್ ಶಾಪ್’. ‘ನಾನೂ ಹಾಗೇ ಹೇಳಿದೆ’ ಎಂದರೆ ‘ದಟ್ಸ್ ಎಗ್ಸಾಕ್ಟ್ಲಿ ವಾಟ್ ಐ ಸೆಡ್’. ‘ಅವನು ಬರಲೇ ಇಲ್ಲ’ ಎಂಬಲ್ಲಿ ‘ಏ’ ನಿರಾಕರಣೆಯನ್ನು ಗಟ್ಟಿಮಾಡುತ್ತಿದೆ, ಅದಕ್ಕೆ ‘ಹೀ ನೆವರ್ ಕೇಮ್’ ಅಥವಾ ‘ಹೀ ಡಿಡಿಂಟ್ ಕಮ್ ಅಟ್ ಆಲ್’. ‘ಇನ್ನೂ ಊರಲ್ಲೇ ಇದ್ದೀನಿ’ ಎನ್ನಲು ‘ಐ ಆಮ್ ಸ್ಟಿಲ್ ಇನ್ ಮೈ ವಿಲೇಜ್’. ‘ಅಡುಗೆ ಚೆನ್ನಾಗೇ ಇತ್ತು’ ಎನ್ನಲು ‘ದ ಫುಡ್ ವಾಸ್ ಕ್ವೈಟ್ ಗುಡ್’.

‘ನೀವು ಮೈಸೂರಿನವರಾ?’ ಎಂದು ಸಂದರ್ಶನದಲ್ಲಿ ಕೇಳಿದರೆ ‘ಯೆಸ್, ಐ ಆಮ್ ಫ್ರಮ್ ಮೈಸೂರು’ ಎಂದು ನಿಲ್ಲಿಸಿ. ‘ಮೈಸೂರಿನವನೇ’ ಎಂಬುದರ ‘ಏ’ಯನ್ನು ಇಂಗ್ಲಿಷ್ ಪದಗಳಿಂದ ಹೇಳುವುದಿಲ್ಲ, ದನಿಯ ಏರಿನಿಂದ ಹೇಳುತ್ತದೆ. ಎಷ್ಟೋ ಸಲ ‘ಏ’ಗೆ ಯಾವ ಪದವೂ ಬೇಕಿರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಏನೋ ಕಡಿಮೆಯಾಯಿತಲ್ಲ ಎನಿಸುತ್ತದೆ. ಆಗಲಿ, ಬಿಡಿ.

ಮೂರನೆಯ ಹೆಜ್ಜೆ: ಕಾಲದ ವಿಷಯದಲ್ಲಿ ಎರಡು ಪಟ್ಟು ಎಚ್ಚರ

ಇಡೀ ವಿಷಯದಲ್ಲಿ ಹೆಚ್ಚು ಹಾನಿ ಮಾಡುವುದು ಈ ಭಾಗ. ಕಾಲಸೂಚಕ ಪದಕ್ಕೆ ನಾವು ‘ಏ’ ಸೇರಿಸಿದರೆ ಸಾಮಾನ್ಯವಾಗಿ ‘ಅಷ್ಟು ಬೇಗ’ ಎಂದರ್ಥ. ‘ಅಷ್ಟೇ’ ಸೇರಿಸಿದರೆ ‘ಅದಕ್ಕೂ ಮುಂಚೆ ಅಲ್ಲ’, ಅಂದರೆ ‘ಅಷ್ಟು ತಡವಾಗಿ’ ಅಥವಾ ‘ಅಷ್ಟು ಇತ್ತೀಚೆಗೆ’. ಇಂಗ್ಲಿಷಿನ ಓನ್ಲಿ ಕಾಲದ ಜೊತೆ ಬಂದಾಗ ಎರಡನೆಯ ಗುಂಪಿಗೆ ಸೇರುತ್ತದೆ.

‘ಬೆಳಿಗ್ಗೆ ಐದಕ್ಕೇ ಬಂದ’ ಎಂದರೆ ಬೇಗ ಬಂದ. ಅದಕ್ಕೆ ‘ಹೀ ಕೇಮ್ ಆಸ್ ಅರ್ಲಿ ಆಸ್ ಫೈವ್’. ‘ಹೀ ಕೇಮ್ ಓನ್ಲಿ ಅಟ್ ಫೈವ್’ ಎಂದರೆ ಐದರವರೆಗೂ ಬರಲಿಲ್ಲ, ಕಾದು ಕಾದು ಸಾಕಾಯಿತು. ಒಂದು ಹೊಗಳಿಕೆ, ಇನ್ನೊಂದು ದೂರು.

‘ನಿನ್ನೆಯೇ ಕಳಿಸಿದೆ’ ಎನ್ನಲು ‘ಐ ಆಲ್ರೆಡಿ ಸೆಂಟ್ ಇಟ್ ಯೆಸ್ಟರ್‌ಡೇ’. ‘ನಿನ್ನೆಯಷ್ಟೇ ಕಳಿಸಿದೆ’ ಎನ್ನಲು ‘ಐ ಓನ್ಲಿ ಸೆಂಟ್ ಇಟ್ ಯೆಸ್ಟರ್‌ಡೇ’. ಈ ಎರಡು ಜೋಡಿಗಳನ್ನು ಬಾಯಿಪಾಠ ಮಾಡಿಕೊಳ್ಳಿ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಇಲ್ಲಿ ನಿಯಮಕ್ಕಿಂತ ಜೋಡಿ ಹೆಚ್ಚು ಕಾಲ ನೆನಪಿರುತ್ತದೆ.

ಮುಂದಿನ ಕಾಲಕ್ಕೂ ಇದೇ ಮಾತು. ಗ್ರಾಹಕರಿಗೆ ‘ಇವತ್ತೇ ಮಾಡಿಕೊಡ್ತೀವಿ’ ಎಂದು ಭರವಸೆ ಕೊಡಬೇಕು. ‘ವಿ ವಿಲ್ ಡೂ ಇಟ್ ಟುಡೇ ಓನ್ಲಿ’ ಎಂದು ಬರೆದರೆ, ಇವತ್ತು ಬಿಟ್ಟರೆ ಮತ್ತೆ ಮಾಡುವುದಿಲ್ಲ ಎಂಬ ಬೆದರಿಕೆಯಂತೆ ಓದಿಸಿಕೊಳ್ಳುತ್ತದೆ. ಅಂಗಡಿಯ ರಿಯಾಯಿತಿ ಜಾಹೀರಾತುಗಳಲ್ಲಿ ‘ಟುಡೇ ಓನ್ಲಿ’ ಇರುವುದು ಇದೇ ಅರ್ಥದಲ್ಲಿ. ‘ವಿ ವಿಲ್ ಗೆಟ್ ಇಟ್ ಡನ್ ಬೈ ದ ಎಂಡ್ ಆಫ್ ಟುಡೇ’ ಎಂದರೆ ಭರವಸೆ ಭರವಸೆಯಾಗಿಯೇ ತಲುಪುತ್ತದೆ.

ನಾಲ್ಕನೆಯ ಹೆಜ್ಜೆ: ಎಲ್ಲಿ ಇಡಬೇಕು

‘ಏ’ ಆಗಲಿ ‘ಮಾತ್ರ’ ಆಗಲಿ ‘ಅಷ್ಟೇ’ ಆಗಲಿ, ಕನ್ನಡದಲ್ಲಿ ಇವೆಲ್ಲ ಪದದ ಹಿಂದೆ, ಅಂದರೆ ಪದ ಮುಗಿದ ಮೇಲೆ ಬರುತ್ತವೆ. ‘ರವಿಗೆ ಮಾತ್ರ’, ‘ಭಾನುವಾರವಷ್ಟೇ’. ಇಂಗ್ಲಿಷಿನಲ್ಲಿ ಓನ್ಲಿ ಸಾಮಾನ್ಯವಾಗಿ ತಾನು ಹಿಡಿಯುವ ಪದದ ಮುಂದೆ, ಅಂದರೆ ಅದಕ್ಕಿಂತ ಮೊದಲು ನಿಲ್ಲುತ್ತದೆ. ನಮ್ಮ ಇಂಗ್ಲಿಷಿನಲ್ಲಿ ಓನ್ಲಿ ವಾಕ್ಯದ ಕೊನೆಗೆ ಜಾರುವುದಕ್ಕೆ ಕನ್ನಡದ ಈ ಅಭ್ಯಾಸವೇ ಕಾರಣ. ಕನ್ನಡದ ‘ಬರೀ’ ಮತ್ತು ‘ಕೇವಲ’ ಮುಂದೆ ನಿಲ್ಲುತ್ತವೆ. ‘ಕೇವಲ ಹತ್ತು ರೂಪಾಯಿ’ ಎಂಬುದರ ಅನುಕ್ರಮವೇ ‘ಓನ್ಲಿ ಟೆನ್ ರುಪೀಸ್’. ಗೊಂದಲವಾದಾಗ ‘ಕೇವಲ’ ಎಂದುಕೊಂಡು ವಾಕ್ಯ ಕಟ್ಟಿ, ಜಾಗ ತಾನಾಗಿ ಸಿಗುತ್ತದೆ.

ಜಾಗ ಬದಲಾದರೆ ಅರ್ಥ ಎಷ್ಟು ಬದಲಾಗುತ್ತದೆ ಎಂದು ನೋಡಲು ಒಂದೇ ವಾಕ್ಯವನ್ನು ತೆಗೆದುಕೊಳ್ಳೋಣ: ‘ಮೀನಾ ಲೆಂಟ್ ರವಿ ಹರ್ ಸ್ಕೂಟರ್ ಆನ್ ಸಂಡೇ.’ ಮೀನಾ ಭಾನುವಾರ ರವಿಗೆ ತನ್ನ ಸ್ಕೂಟರನ್ನು ಬಳಸಲು ಕೊಟ್ಟಳು.

‘ಓನ್ಲಿ ಮೀನಾ ಲೆಂಟ್…’ ಎಂದು ಶುರುವಾದರೆ ಕೊಟ್ಟವಳು ಮೀನಾ ಒಬ್ಬಳೇ, ಮಿಕ್ಕವರು ಕೊಡಲಿಲ್ಲ.
‘ಮೀನಾ ಓನ್ಲಿ ಲೆಂಟ್…’ ಎಂದರೆ ಬಳಸಲು ಕೊಟ್ಟಳಷ್ಟೇ, ಅವನಿಗೇ ಕೊಟ್ಟುಬಿಡಲಿಲ್ಲ.
‘ಮೀನಾ ಲೆಂಟ್ ಓನ್ಲಿ ರವಿ…’ ಎಂದರೆ ರವಿಗೆ ಮಾತ್ರ, ಬೇರೆಯವರಿಗಿಲ್ಲ.
‘…ಓನ್ಲಿ ಹರ್ ಸ್ಕೂಟರ್’ ಎಂದರೆ ಸ್ಕೂಟರ್ ಕೊಟ್ಟಳು, ಹೆಲ್ಮೆಟ್ ಕೊಡಲಿಲ್ಲವೇನೋ.
‘…ಹರ್ ಓನ್ಲಿ ಸ್ಕೂಟರ್’ ಎಂದರೆ ಇದ್ದದ್ದೇ ಒಂದು ಸ್ಕೂಟರು, ಅದನ್ನೂ ಕೊಟ್ಟಳು. ಇಲ್ಲಿ ಓನ್ಲಿ ಕ್ರಿಯಾವಿಶೇಷಣವಲ್ಲ, ಗುಣವಾಚಕ.
‘…ಓನ್ಲಿ ಆನ್ ಸಂಡೇ’ ಎಂದರೆ ಭಾನುವಾರ ಮಾತ್ರ.

ಈ ಬಗ್ಗೆ ಇಂಗ್ಲಿಷರೇ ಶತಮಾನಗಳಿಂದ ಜಗಳವಾಡುತ್ತಿದ್ದಾರೆ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ತನ್ನ ವ್ಯಾಕರಣದಲ್ಲಿ, ‘ಮೂರೇ ಮಾತು ಆಡಿದೆ’ ಎನ್ನುವಾಗ ಓನ್ಲಿಯನ್ನು ಕ್ರಿಯಾಪದದ ಮುಂದೆ ಇಡದೆ ‘ಮೂರು’ ಎಂಬುದರ ಮುಂದೆ ಇಡಬೇಕು ಎಂದು ತಿದ್ದಿದ. 1926ರಲ್ಲಿ ಬಂದ ತನ್ನ ಬಳಕೆಯ ಕೋಶದಲ್ಲಿ ಹೆನ್ರಿ ಫೌಲರ್ ಇಂಥ ತಿದ್ದುವಿಕೆಯನ್ನು ವಿರೋಧಿಸಿದ. ಅರ್ಥ ಕೆಡದಿದ್ದರೆ ಸಹಜವಾಗಿ ಬರುವ ಜಾಗದಲ್ಲೇ ಇರಲಿ ಎಂಬುದು ಅವನ ವಾದ.

ನನಗೆ ಇಬ್ಬರ ಮಾತೂ ಬೇಕು, ಒಂದೊಂದು ಸಂದರ್ಭಕ್ಕೆ ಒಂದೊಂದು. ಮಾತಿನಲ್ಲಿ ಓನ್ಲಿ ಕ್ರಿಯಾಪದದ ಮುಂದೆ ಬರುವುದೇ ಸಹಜ: ‘ಐ ಓನ್ಲಿ ರೆಡ್ ಟೂ ಚಾಪ್ಟರ್ಸ್.’ ‘ಟೂ’ ಎಂಬಲ್ಲಿ ದನಿ ಒತ್ತಿದರೆ ಎರಡೇ ಅಧ್ಯಾಯ ಓದಿದ್ದು ಎಂದು ಕೇಳುಗರಿಗೆ ಗೊತ್ತಾಗುತ್ತದೆ. ಅದನ್ನು ತಪ್ಪೆಂದು ಅಂಜಬೇಕಿಲ್ಲ. ಕಾಗದಕ್ಕೆ ದನಿಯಿಲ್ಲವಾದ್ದರಿಂದ ಕರಾರು, ನಿಯಮ, ಔಷಧದ ಸೂಚನೆ, ವರದಿ ಇಂಥವುಗಳಲ್ಲಿ ಲೌತ್ ಹೇಳಿದಂತೆ ಸಂಬಂಧಪಟ್ಟ ಪದಕ್ಕೆ ಅಂಟಿಸಿ ಇಡಿ. ಊಟದ ನಂತರ ಮಾತ್ರ ಮಾತ್ರೆ ತೆಗೆದುಕೊಳ್ಳಬೇಕು ಎನ್ನುವುದಾದರೆ ‘ಟೇಕ್ ದ ಟ್ಯಾಬ್ಲೆಟ್ ಓನ್ಲಿ ಆಫ್ಟರ್ ಫುಡ್’. ಇಲ್ಲಿ ಓನ್ಲಿಯನ್ನು ಎರಡು ಪದ ಮೊದಲೇ ತಂದು ‘ಟೇಕ್ ಓನ್ಲಿ ದ ಟ್ಯಾಬ್ಲೆಟ್ ಆಫ್ಟರ್ ಫುಡ್’ ಎಂದರೆ ಸಿರಪ್ ಬೇಡವೆಂದಾಗುತ್ತದೆ.

ಕೊನೆಯಲ್ಲಿ ಇಡಬಹುದಾದ ಕಡೆಗಳು

ಹಾಗಾದರೆ ಓನ್ಲಿ ಕೊನೆಗೆ ಬರಲೇಬಾರದೇ? ಬರಬಹುದು. ಬೋರ್ಡುಗಳಲ್ಲಿ, ನಮೂನೆಗಳಲ್ಲಿ ಅದು ಕೊನೆಗೇ ಇರುತ್ತದೆ: ‘ಲೇಡೀಸ್ ಓನ್ಲಿ’, ‘ಸ್ಟಾಫ್ ಓನ್ಲಿ’, ‘ಫಾರ್ ಆಫೀಸ್ ಯೂಸ್ ಓನ್ಲಿ’. ಇವು ಪೂರ್ಣ ವಾಕ್ಯಗಳಲ್ಲ, ಫಲಕದ ಭಾಷೆ. ಇವುಗಳ ಕನ್ನಡವೂ ‘ಮಹಿಳೆಯರಿಗೆ ಮಾತ್ರ’, ‘ಕಚೇರಿ ಬಳಕೆಗೆ ಮಾತ್ರ’ ಎಂದು ಅದೇ ಅನುಕ್ರಮದಲ್ಲಿದೆ.

ಚೆಕ್ ಬರೆಯುವಾಗ ಮೊತ್ತವನ್ನು ಅಕ್ಷರದಲ್ಲಿ ಬರೆದು ಕೊನೆಗೆ ‘ಓನ್ಲಿ’ ಎನ್ನುತ್ತೇವೆ, ಕನ್ನಡದಲ್ಲಿ ಬರೆದರೆ ‘ಐದು ಸಾವಿರ ರೂಪಾಯಿಗಳು ಮಾತ್ರ’. ಮೊತ್ತ ಇಲ್ಲಿಗೆ ಮುಗಿಯಿತು, ಇದರ ಮುಂದೆ ಯಾರೂ ಏನನ್ನೂ ಸೇರಿಸುವಂತಿಲ್ಲ ಎಂದು ಹೇಳುವ ಕಾವಲು ಪದ ಅದು. ಅದಿಲ್ಲದೆ ಜಾಗ ಖಾಲಿ ಬಿಟ್ಟರೆ ‘ಐದು ಸಾವಿರ’ದ ನಂತರ ‘ಐನೂರು’ ಎಂದು ಸೇರಿಸಲು ಅವಕಾಶವಾಗುತ್ತದೆ. ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ ಓನ್ಲಿ’ ಎಂದು ಬರೆದರೆ ಹಣ ಹೆಸರಿರುವವರ ಖಾತೆಗೇ ಜಮೆಯಾಗಬೇಕು, ನಗದಾಗಿ ಕೈಗೆ ಕೊಡುವಂತಿಲ್ಲ. ಎರಡೂ ಕಡೆ ‘ಬೇರೆ ಇಲ್ಲ’ ಎಂಬ ಅರ್ಥ ಎಷ್ಟು ಗಟ್ಟಿಯಾಗಿದೆ ನೋಡಿ.

ಐದನೆಯ ಹೆಜ್ಜೆ: ಓನ್ಲಿಯಿಂದ ವಾಕ್ಯ ಶುರುವಾದರೆ

‘ಆಮೇಲಷ್ಟೇ ನನಗೆ ಅರ್ಥವಾಯಿತು’ ಎಂಬುದನ್ನು ಓನ್ಲಿಯಿಂದ ಶುರುಮಾಡಿದರೆ ಮುಂದಿನ ಪದಗಳು ಪ್ರಶ್ನೆಯ ಹಾಗೆ ಹಿಂದುಮುಂದಾಗುತ್ತವೆ: ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್.’ ‘ಓನ್ಲಿ ದೆನ್ ಐ ಅಂಡರ್‌ಸ್ಟುಡ್’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ‘ಓನ್ಲಿ ಆಫ್ಟರ್’, ‘ಓನ್ಲಿ ವೆನ್’ ಇವಕ್ಕೂ ಹಾಗೆಯೇ. ಹಿಂದುಮುಂದಾಗುವುದು ಎರಡನೆಯ ಭಾಗದಲ್ಲಿ ಎಂಬುದನ್ನು ಗಮನಿಸಿ: ‘ಓನ್ಲಿ ವೆನ್ ದ ಬಸ್ ಸ್ಟಾಪ್ಡ್ ಡಿಡ್ ಶಿ ವೇಕ್ ಅಪ್.’

ಓನ್ಲಿ ಕರ್ತೃವನ್ನೇ ಹಿಡಿದಿದ್ದರೆ ಯಾವ ಬದಲಾವಣೆಯೂ ಬೇಡ: ‘ಓನ್ಲಿ ಮೈ ಮದರ್ ನೋಸ್.’

ಜೊತೆಗಾರರೊಂದಿಗೆ ಬಂದಾಗ

‘ಓನ್ಲಿ ಇಫ್’ ಎಂದರೆ ‘…ದರೆ ಮಾತ್ರ’. ‘ಯೂ ವಿಲ್ ಗೆಟ್ ಎ ರಿಫಂಡ್ ಓನ್ಲಿ ಇಫ್ ಯೂ ಹ್ಯಾವ್ ದ ಬಿಲ್.’ ಬಿಲ್ಲು ಇಲ್ಲದಿದ್ದರೆ ಹಣ ಸಿಗದು. ಬಿಲ್ಲು ಇದ್ದ ಮಾತ್ರಕ್ಕೆ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇದರಲ್ಲಿಲ್ಲ, ಬೇರೆ ಷರತ್ತುಗಳೂ ಇರಬಹುದು. ಕರಾರುಪತ್ರ ಓದುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಪದಗಳನ್ನು ತಿರುಗಿಸಿ ‘ಇಫ್ ಓನ್ಲಿ’ ಎಂದರೆ ಬೇರೆಯೇ ಲೋಕ. ಅದು ಹಂಬಲ, ಪರಿತಾಪ. ‘ಇಫ್ ಓನ್ಲಿ ಐ ನ್ಯೂ ಹರ್ ನಂಬರ್!’ ಅವಳ ನಂಬರಾದರೂ ಗೊತ್ತಿದ್ದಿದ್ದರೆ! ಮಾತು ಈಗಿನದಾದರೂ ಕ್ರಿಯಾಪದ ಭೂತಕಾಲದ ರೂಪದಲ್ಲಿರುತ್ತದೆ. ನಮ್ಮಲ್ಲೂ ‘ಇದ್ದಿದ್ದರೆ’ ಎಂದೇ ಬರುವುದರಿಂದ ಇದು ನಮಗೆ ಸುಲಭ.

‘ನಾಟ್ ಓನ್ಲಿ… ಬಟ್ ಆಲ್ಸೋ’ ಬಳಸುವಾಗ ಎರಡೂ ಕಡೆ ಒಂದೇ ಜಾತಿಯ ಪದ ಬರಬೇಕು. ‘ಶಿ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತುಳು’ ಸರಿ. ‘ಶಿ ನಾಟ್ ಓನ್ಲಿ ಸ್ಪೀಕ್ಸ್ ಕನ್ನಡ ಬಟ್ ಆಲ್ಸೋ ತುಳು’ ಎಂದರೆ ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ಬರಿಯ ಹೆಸರು. ಅರ್ಥವಾಗುತ್ತದೆ, ಆದರೆ ತಕ್ಕಡಿ ಒಂದು ಕಡೆ ವಾಲಿದೆ.

‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಎಂದು ಯಾರಾದರೂ ಬರೆದರೆ ಸಂತೋಷ ಕಡಿಮೆಯಿದೆ ಎಂದಲ್ಲ, ‘ಖಂಡಿತ, ಬಹಳ ಸಂತೋಷದಿಂದ’ ಎಂದರ್ಥ. ‘ಓನ್ಲಿ ಜಸ್ಟ್’ ಎಂದರೆ ‘ಈಗಷ್ಟೇ’, ಇಲ್ಲವೇ ‘ಕೂದಲೆಳೆಯಲ್ಲಿ’. ಕಥೆ ಹೇಳುವಾಗ ಬರುವ ‘ಓನ್ಲಿ ಟು ಫೈಂಡ್’ ನನಗೆ ಬಹಳ ಇಷ್ಟ, ಏಕೆಂದರೆ ಅದಕ್ಕೆ ನಮ್ಮ ‘ಹೋಗಿ ನೋಡಿದರೆ’ ಅಚ್ಚುಕಟ್ಟಾಗಿ ಹೊಂದುತ್ತದೆ. ‘ವಿ ರಶ್ಡ್ ಟು ದ ಸ್ಟೇಷನ್ ಓನ್ಲಿ ಟು ಫೈಂಡ್ ದಟ್ ದ ಟ್ರೇನ್ ಹ್ಯಾಡ್ ಲೆಫ್ಟ್.’ ಓಡೋಡಿ ಸ್ಟೇಷನ್ನಿಗೆ ಹೋಗಿ ನೋಡಿದರೆ ರೈಲು ಹೊರಟುಹೋಗಿತ್ತು.

ಆಡುಮಾತಿನಲ್ಲಿ ಓನ್ಲಿಗೆ ‘ಆದರೆ’ ಎಂಬ ಅರ್ಥವೂ ಉಂಟು. ‘ದ ಹೌಸ್ ಈಸ್ ನೈಸ್, ಓನ್ಲಿ ದ ರೆಂಟ್ ಈಸ್ ಟೂ ಹೈ.’ ಮನೆ ಚೆನ್ನಾಗಿದೆ, ಬಾಡಿಗೆ ಮಾತ್ರ ಜಾಸ್ತಿ. ಮೇಲೆ ಮಳೆಯ ಉದಾಹರಣೆಯಲ್ಲಿ ಕಂಡ ‘ಮಾತ್ರ’ವೇ ಇದು. ಬರವಣಿಗೆಯಲ್ಲಿ ಮಾತ್ರ ‘ಬಟ್’ ಬಳಸುವುದು ಕ್ಷೇಮ.

ಕೈ ಪಳಗಿಸಲು

ನಿಮ್ಮ ಇಮೇಲಿನ ಕಳಿಸಿದ ಪತ್ರಗಳ ಪೆಟ್ಟಿಗೆಯಲ್ಲಿ ಓನ್ಲಿ ಎಂದು ಹುಡುಕಿ. ಸಿಕ್ಕ ಒಂದೊಂದು ವಾಕ್ಯಕ್ಕೂ ‘ಬೇರೆ ಇಲ್ಲ’ ಸೇರಿಸಿ ನೋಡಿ. ಸ್ವಂತ ವಾಕ್ಯಗಳ ಮೇಲೆ ಮಾಡುವ ಈ ಕೆಲಸ ಯಾವ ಅಭ್ಯಾಸ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಅದಕ್ಕೂ ಮೊದಲು ಈ ನಾಲ್ಕನ್ನು ಇಂಗ್ಲಿಷಿಗೆ ತನ್ನಿ:

‘ನಾನು ಸೋಮವಾರವೇ ಹಣ ಕಟ್ಟಿದ್ದೇನೆ.’
‘ಅವರ ಹತ್ತಿರ ಎರಡೇ ಕೋಣೆ ಖಾಲಿ ಇವೆ.’
‘ನೀವು ಕೇಳಿದ ಫೈಲ್ ಇದೇ.’
‘ಸಹಿ ಆದ ಮೇಲಷ್ಟೇ ಕೀಲಿ ಕೊಡುತ್ತೇವೆ.’

ಮೊದಲನೆಯದಕ್ಕೆ ‘ಐ ಆಲ್ರೆಡಿ ಪೇಯ್ಡ್ ಆನ್ ಮಂಡೇ’, ಓನ್ಲಿ ಬೇಡ. ಎರಡನೆಯದಕ್ಕೆ ಬೇಕು: ‘ದೇ ಹ್ಯಾವ್ ಓನ್ಲಿ ಟೂ ರೂಮ್ಸ್ ವೇಕೆಂಟ್.’ ಮೂರನೆಯದಕ್ಕೆ ‘ದಿಸ್ ಈಸ್ ದ ಫೈಲ್ ಯೂ ಆಸ್ಕ್ಡ್ ಫಾರ್’, ‘ದಿಸ್’ ಮೇಲೆ ಒತ್ತು. ನಾಲ್ಕನೆಯದಕ್ಕೆ ‘ವಿ ವಿಲ್ ಹ್ಯಾಂಡ್ ಓವರ್ ದ ಕೀಸ್ ಓನ್ಲಿ ಆಫ್ಟರ್ ದ ಅಗ್ರಿಮೆಂಟ್ ಈಸ್ ಸೈನ್ಡ್’. ಇದನ್ನೇ ಓನ್ಲಿಯಿಂದ ಶುರುಮಾಡುವುದಾದರೆ ‘ಓನ್ಲಿ ಆಫ್ಟರ್ ದ ಅಗ್ರಿಮೆಂಟ್ ಈಸ್ ಸೈನ್ಡ್ ವಿಲ್ ವಿ ಹ್ಯಾಂಡ್ ಓವರ್ ದ ಕೀಸ್’.